ಹುಳದ ಮನೆಯಲ್ಲಿ ಸಿಕ್ಕ ಪದ್ಯ: ನನ್ನ ಅನುಭವ

ಖುಷಿ ಆಯ್ತು. ಮೊದಲು ಅದನ್ನೇ ಹೇಳಿಬಿಡುತ್ತೇನೆ. ನನ್ನ ಕವನ ಸಂಕಲನಕ್ಕೆ ಬಹುಮಾನ ಬಂದಿದೆ ಅಂತ ಫೋನ್ ಬಂದಾಗ ನಾನು ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದೆ. ಸಂಜೆ ನಾಲ್ಕೂವರೆ ಇರಬಹುದು. ಬಲಗೈಯಲ್ಲಿ ಕುಡುಗೋಲು, ಫೋನು ಕಿವಿಗೂ ಭುಜಕ್ಕೂ ನಡುವೆ. ಆ ಕಡೆಯವರು ಎರಡು ಸಲ ಹೇಳಿದರು. ನನಗೆ ನಂಬಿಕೆ ಬರಲಿಲ್ಲ. "ಸಾರ್, ಪುಸ್ತಕದ ಹೆಸರು ಇನ್ನೊಂದು ಸಲ ಹೇಳಿ" ಅಂತ ಕೇಳಿದೆ. ಹೇಳಿದರು. ನನ್ನದೇ. ಕುಡುಗೋಲು ಬದುವಿನ ಮೇಲಿಟ್ಟು ಅಲ್ಲೇ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಎದ್ದು ಉಳಿದ ಎರಡು ಸಾಲು ಕೊಯ್ದೆ. ರೇಷ್ಮೆ ಹುಳ ಕಾಯುವುದಿಲ್ಲ ಅಲ್ವಾ.

"ನಾವು ಪ್ರಶಸ್ತಿಗಾಗಿ ಬರೆಯುವುದಿಲ್ಲ" ಅಂತ ವೇದಿಕೆ ಮೇಲೆ ಎಲ್ಲರೂ ಹೇಳುತ್ತಾರೆ. ನಾನೂ ಅದಕ್ಕಾಗಿ ಬರೆದವಳಲ್ಲ. ಆದರೆ ಬಂದಾಗ ಆದ ಸಂತೋಷವನ್ನು ಮುಚ್ಚಿಡುವುದು ನನಗೆ ಬರುವುದಿಲ್ಲ. ಇಪ್ಪತ್ತು ವರ್ಷ ಒಬ್ಬಳೇ ಕೂತು ಬರೆದ ಮಾತು ಗುರುತಿಲ್ಲದವರ ಮನಸ್ಸಿಗೆ ಹೋಗಿ ತಲುಪಿದೆ ಅಂದರೆ ಅದು ದೊಡ್ಡ ಸುದ್ದಿ. ಹೇಗೆ ಬರೀತೀರಿ, ಹೇಗೆ ತಿದ್ತೀರಿ, ಪುಸ್ತಕ ಹೇಗೆ ಮಾಡಿದಿರಿ ಅಂತ ನಮ್ಮ ಕಡೆಯ ಕೆಲವು ಹೆಣ್ಣುಮಕ್ಕಳು ಕೇಳುತ್ತಿರುತ್ತಾರೆ. ಅವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಶಿಡ್ಲಘಟ್ಟ ತಾಲ್ಲೂಕಿನಲ್ಲಿದೆ, ಚಿಂತಾಮಣಿ ಕಡೆ ಹೋಗುವ ರಸ್ತೆಯಲ್ಲಿ. ಎರಡು ಎಕರೆ ಸೊಪ್ಪಿನ ತೋಟ, ಒಂದು ಹುಳದ ಮನೆ. ನಾಲೆ ನೀರು ಕಾಣದ ಸೀಮೆ ಇದು. ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರೇ ನಮಗೆ ಎಲ್ಲ. ಮನೆಯಲ್ಲಿ ಆಡುವುದು ತೆಲುಗು. ಶಾಲೆಯಲ್ಲಿ ಕಲಿತದ್ದು, ಆಮೇಲೆ ಓದಿಕೊಂಡದ್ದು, ಬರೆಯುವುದು ಕನ್ನಡ. ಈ ಕಡೆಯವರಿಗೆ ಇದರಲ್ಲಿ ವಿಶೇಷ ಏನೂ ಕಾಣಿಸುವುದಿಲ್ಲ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ತತ್ವಪದ ಹೇಳಿದರು, ಎರಡರಲ್ಲೂ 'ಅಮರನಾರೇಯಣ' ಅಂತ ಅಂಕಿತ ಹಾಕಿದರು. ಯತಿ ಆಗುವ ಮೊದಲು ಅವರು ಊರೂರು ತಿರುಗಿ ಬಳೆ ಮಾರುತ್ತಿದ್ದರು. ನಮ್ಮ ಅತ್ತೆಗೆ ಅಕ್ಷರ ಬರುವುದಿಲ್ಲ. ಆದರೆ ತಾತಯ್ಯನವರ ಪದ ಇಪ್ಪತ್ತಾದರೂ ಅವರ ಬಾಯಲ್ಲಿವೆ. ಮದುವೆಯಾಗಿ ಬಂದ ಹೊಸದರಲ್ಲಿ, ಹುಳಕ್ಕೆ ಸೊಪ್ಪು ಹಾಕುತ್ತಾ ಅವರು ಹಾಡುವುದನ್ನು ಕೇಳಿದೆ. ಬಳೆ ಮಾರುವವರು ಪದ ಕಟ್ಟಬಹುದಾದರೆ ಸೊಪ್ಪು ಹಾಕುವವಳು ಯಾಕೆ ಬರೆಯಬಾರದು ಅಂತ ಧೈರ್ಯ ಬಂದದ್ದು ಆಗಲೇ.

ಬರೆಯುತ್ತಿದ್ದದ್ದು ಮರಿ ಹುಳ ಸಾಕಿ ಕೊಡುವ ಚಾಕಿ ಕೇಂದ್ರದ ರಸೀದಿ ಹಿಂದೆ, ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ. ರಾತ್ರಿ ಹತ್ತಕ್ಕೆ ಕೊನೆಯ ಸೊಪ್ಪು ಹಾಕಿದ ಮೇಲೆ ಮುಕ್ಕಾಲು ಗಂಟೆ ಸಿಗುತ್ತಿತ್ತು. ಅಷ್ಟೇ ನನ್ನ ಸಮಯ. ಪದ್ಯ ಬರಲಿ ಬಿಡಲಿ, ಆವತ್ತು ಕಂಡದ್ದು ಒಂದನ್ನು ಬರೆದಿಡುತ್ತಿದ್ದೆ. 'ಬೋರ್ ಕೆಟ್ಟ ದಿನ ಇವರು ಊಟಕ್ಕೆ ಕೂತು ನೀರಿನ ಲೋಟ ನೋಡುತ್ತಿದ್ದರು.' ಇಂಥದ್ದು. ಇದನ್ನು ಈಗಲೂ ಬಿಟ್ಟಿಲ್ಲ. ನನ್ನ ಅರ್ಧ ಪದ್ಯಗಳು ಹುಟ್ಟಿರುವುದು ಹೀಗೆ ಬರೆದಿಟ್ಟ ಒಂದು ಸಾಲಿನಿಂದ.

ಈಗ ಒಂದು ಪದ್ಯದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾನು ಬರೆಯುವುದನ್ನು ಕಲಿತದ್ದೇ ಅದರಿಂದ.

ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದನ್ನು ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಮೊದಲ ಎರಡು ಚಾಕಿ ಕೇಂದ್ರದಲ್ಲೇ ಮುಗಿದಿರುತ್ತವೆ, ಆಮೇಲೆ ಹುಳ ನಮ್ಮ ಮನೆಗೆ ಬರುತ್ತದೆ. ಜ್ವರಕ್ಕೆ ಕೂತ ಹುಳ ತಲೆ ಮೇಲೆತ್ತಿಕೊಂಡು ಅಲ್ಲಾಡದೆ ಇರುತ್ತದೆ, ಹತ್ತಿರ ಹತ್ತಿರ ಒಂದು ದಿನ. ಆಗ ಸೊಪ್ಪು ಹಾಕಬಾರದು. ಸುಣ್ಣದ ಪುಡಿ ಚೆಲ್ಲಿ ಹಾಸಿಗೆ ಒಣಗಿಸಬೇಕು. ಎಲ್ಲಾ ಎದ್ದ ಮೇಲೆ ಮತ್ತೆ ಸೊಪ್ಪು. ನಾಲ್ಕನೇ ಜ್ವರದಿಂದ ಎದ್ದ ಹುಳದ ಹಸಿವು ನೋಡಬೇಕು ನೀವು. ಏಳೆಂಟು ದಿನದಲ್ಲಿ ತೋಟ ಬೋಳು. ಆಗ ಅವು ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗೆ ಇರುತ್ತದೆ ಅಂತ ಈ ಸೀಮೆಯಲ್ಲಿ ಹೇಳದವರೇ ಇಲ್ಲ.

ನಾನೂ ಅದನ್ನೇ ಬರೆದಿದ್ದೆ:

ಮಳೆಯಂತೆ ಸುರಿಯುವ ಸದ್ದು
ಹುಳುಗಳು ಉಣ್ಣುವ ಸದ್ದು
ಆಲಿಸಿ ಮೈಮರೆತೆ ನಾನು
ಪ್ರಕೃತಿಯ ಸೊಬಗೇ ಸೊಬಗು

ಪಕ್ಕದೂರಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಒಬ್ಬರಿದ್ದರು. ತೋರಿಸಿದೆ. ಅವರು ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ. "ಮಳೆ ಅಂತ ಎಲ್ಲರೂ ಹೇಳ್ತಾರಲ್ಲಮ್ಮ. ಆ ಸದ್ದು ಯಾವಾಗ ನಿಲ್ಲುತ್ತೆ?" ಅಂತ ಕೇಳಿದರು.

"ಜ್ವರಕ್ಕೆ ಕೂತಾಗ ನಿಲ್ಲುತ್ತೆ ಮೇಷ್ಟ್ರೇ."

"ಆಗ ಮನೆ ಹೇಗಿರುತ್ತೆ?"

ನನಗೆ ಉತ್ತರ ಹೊಳೆಯಲಿಲ್ಲ. ದಿನಾ ಇರುವ ಮನೆ, ಆದರೂ ಗೊತ್ತಿರಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಹಾಗೇ ಉಳಿಯಿತು. ಏಳೆಂಟು ತಿಂಗಳಾದ ಮೇಲೆ ಒಂದು ರಾತ್ರಿ ಹುಳ ಮೂರನೇ ಜ್ವರಕ್ಕೆ ಕೂತಿತ್ತು. ಅದೇ ರಾತ್ರಿ ಮಗಳಿಗೂ ಮೈ ಸುಡುವ ಜ್ವರ. ಅತ್ತೆ ಹುಳದ ಮನೆ ನೋಡಿ ಬಂದರು, ಕಾಲು ತೊಳೆದರು, ಮಗುವಿನ ಹಣೆ ಮುಟ್ಟಿದರು. ಎರಡು ಕಡೆಯೂ ಅವರ ಕೈ ಒಂದೇ ಥರ ಇತ್ತು. ಮಾತು ಇಲ್ಲ. ಮನೆ ಹೇಗಿರುತ್ತದೆ ಅಂತ ನನಗೆ ಆವತ್ತು ಗೊತ್ತಾಯಿತು.

ಆವತ್ತೇ ಬರೆಯಲಿಲ್ಲ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ, ಕೈ ಸ್ವಲ್ಪ ಬಿಡುವಾದ ಮೇಲೆ ಬರೆದೆ. 31 ಸಾಲು ಬಂತು. ಮಮತೆ, ತಾಯಿಯ ಹೃದಯ, ಮೌನದ ಮಾತು, ಎಲ್ಲಾ ಇತ್ತು. ಆಮೇಲೆ ಹುಳದ ಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ ಓದಿದೆ. ಓದುವಾಗ ಎಲ್ಲೆಲ್ಲಿ ನನ್ನ ದನಿ ತಾನಾಗಿ ಭಾಷಣದ ಥರ ಏರುತ್ತಿತ್ತೋ ಆ ಸಾಲು ಹೊಡೆದು ಹಾಕಿದೆ. ನನಗೆ ಸಿಕ್ಕ ಅಳತೆಗೋಲು ಇದು, ಈಗಲೂ ಇದನ್ನೇ ಹಿಡಿದಿದ್ದೇನೆ. ದನಿ ಏರಿದ ಕಡೆ ಸುಳ್ಳು ಇರುತ್ತದೆ. ಎರಡು ತಿಂಗಳಲ್ಲಿ 31 ಸಾಲು ಐದಾಯಿತು:

ಹುಳ ಜ್ವರಕ್ಕೆ ಕೂತಿವೆ
ಸೊಪ್ಪು ಹಾಕಬೇಡ ಅಂದರು ಅತ್ತೆ
ಆಮೇಲೆ ಬಂದು
ಮಗಳ ಹಣೆ ಮುಟ್ಟಿ ನೋಡಿ
ಬಾಗಿಲು ಮುಂದೆ ಮಾಡಿದರು

'ಎಂದರು' ಅಂತ ಇದ್ದದ್ದನ್ನು 'ಅಂದರು' ಮಾಡಿದೆ. ನಮ್ಮ ಮನೆಯಲ್ಲಿ ಯಾರೂ ಎಂದರು ಅನ್ನುವುದಿಲ್ಲ. ಕೊನೆಯ ಸಾಲಿಗೆ ಮೂರು ವಾರ ಹಿಡಿಯಿತು. 'ಬಾಗಿಲು ಮುಚ್ಚಿದರು' ಅಂತ ಬರೆದಿದ್ದೆ. ಓದಿದಾಗಲೆಲ್ಲಾ ಮೈ ಜುಮ್ಮೆನ್ನುತ್ತಿತ್ತು. ಮಗುವಿಗೆ ಹುಷಾರಿಲ್ಲದ ಮನೆಯಲ್ಲಿ ಮುಚ್ಚಿದರು ಅನ್ನುವುದು ಅಪಶಕುನ. ಅತ್ತೆ ಯಾವತ್ತೂ ಹಾಗೆ ಹೇಳುವವರಲ್ಲ. ಮುಂದೆ ಮಾಡು ಅನ್ನುತ್ತಾರೆ. ಆ ಎರಡು ಪದ ಸಿಕ್ಕಿದ್ದೇ ಪದ್ಯ ಕೂತುಕೊಂಡಿತು. ಯಾವ ಬಾಗಿಲು, ಹುಳದ ಮನೆಯದೋ ಮಗು ಮಲಗಿದ ಕೋಣೆಯದೋ, ಅದನ್ನು ಹೇಳದೆ ಬಿಟ್ಟೆ. ಮೇಷ್ಟ್ರು ಓದಿ ಹಾಳೆಯನ್ನು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. "ಇದು ನನ್ನ ಹತ್ರ ಇರಲಿ, ನೀನು ಇನ್ನೊಂದು ಬರೆದುಕೋ" ಅಂದರು. ನನಗೆ ಸಿಕ್ಕ ಮೊದಲ ಪ್ರಶಸ್ತಿ ಯಾವುದು ಅಂತ ಕೇಳಿದರೆ ಅದೇ.

ಪತ್ರಿಕೆಗಳಿಗೆ ಕಳಿಸಿದ್ದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಪದ್ಯ ಒಂದೇ ಪತ್ರಿಕೆಗೆ ಕಳಿಸಬೇಕು. ಮೂರು ತಿಂಗಳು ಕಾಯಬೇಕು. ಉತ್ತರ ಬರದಿದ್ದರೆ ಬೇಜಾರು ಮಾಡಿಕೊಳ್ಳದೆ ಇನ್ನೊಂದು ಕಡೆ ಕಳಿಸಬೇಕು. ಮೊದಲು ಅಂಚೆಯಲ್ಲಿ ಕಳಿಸುತ್ತಿದ್ದೆ, ಈಗ ಮಗಳು ಕಲಿಸಿದ ಮೇಲೆ ಮೊಬೈಲಿನಲ್ಲೇ ಟೈಪ್ ಮಾಡಿ ಮೇಲ್ ಮಾಡುತ್ತೇನೆ. ಹನ್ನೊಂದು ಸಲ ಏನೂ ಬರಲಿಲ್ಲ. ಹನ್ನೆರಡನೇ ಸಲ ಜ್ವರದ ಪದ್ಯ ಒಂದು ದಿನಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂತು. ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಶಿಡ್ಲಘಟ್ಟ.

ಮೂರ್ನಾಲ್ಕು ವಾರ ಆಗಿತ್ತು. ಗೂಡು ತಗೊಂಡು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋಗಿದ್ದೆವು. ಬೆಳಗ್ಗೆ ಅಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಗೂಡು ಸುರಿದುಕೊಂಡು ಸಾಲಾಗಿ ನಿಂತ ರೈತರು, ಒಂದು ಹಿಡಿ ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಾ ಬರುವ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು. ವಯಸ್ಸಾದ ಒಬ್ಬ ಸಾಹೇಬರು ನಮ್ಮ ಲಾಟ್ ಮುಂದೆ ನಿಂತು ಗೂಡು ನೋಡಿದರು. ಚೀಟಿಯಲ್ಲಿದ್ದ ಊರಿನ ಹೆಸರು ನೋಡಿ ಇವರನ್ನು ಕೇಳಿದರು, "ನಿಮ್ಮೂರಲ್ಲಿ ಯಾರೋ ಹೆಣ್ಣುಮಗಳು ಪದ್ಯ ಬರೀತಾರಂತಲ್ಲ?" ಇವರು ನನ್ನ ಕಡೆ ಕೈ ತೋರಿಸಿದರು.

"ನೀವೇನಾ ಅಮ್ಮಾ? ಹುಳದ ಜ್ವರದ್ದು?"

"ಹೌದು ಸಾಹೇಬ್ರೇ."

"ನನ್ನ ಮೊಮ್ಮಗಳು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದಳು. ಐವತ್ತು ವರ್ಷದಿಂದ ನೂಲು ತೆಗೀತಾ ಇದ್ದೀನಿ. ಗೂಡಿನ ಹಿಂದೆ ಇಷ್ಟೆಲ್ಲಾ ಇದೆ ಅಂತ ಯೋಚನೆ ಮಾಡಿರಲಿಲ್ಲ."

ಒಂದು ಚೀಟಿ ತೆಗೆದು, ಮೊಮ್ಮಗಳಿಗೆ ತೋರಿಸಬೇಕು, ಇದರ ಹಿಂದೆ ಪದ್ಯ ಬರೆದು ಸಹಿ ಹಾಕಿ ಕೊಡಿ ಅಂದರು. ಗೂಡಿನ ಬುಟ್ಟಿ ಮೇಲೆ ಇಟ್ಟುಕೊಂಡು ಬರೆದೆ. ಕೈ ನಡುಗುತ್ತಿತ್ತು. ಅವರ ಮನೆಮಾತು ಉರ್ದು, ನನ್ನದು ತೆಲುಗು. ನಮ್ಮಿಬ್ಬರ ನಡುವೆ ಆ ಚೀಟಿ ಹಿಂದೆ ಐದು ಸಾಲು ಕನ್ನಡ. ನಮ್ಮ ಲಾಟ್ ಆವತ್ತು ಬೇರೆ ಯಾರೋ ಕೂಗಿಕೊಂಡರು. ಸಾಹೇಬರಿಗೆ ರೇಟು ಹೊಂದಲಿಲ್ಲ. ವ್ಯಾಪಾರ ಬೇರೆ, ಪದ್ಯ ಬೇರೆ, ಅದು ಹಾಗೇ ಇರಬೇಕು.

ಕವಿಗೋಷ್ಠಿಗಳಿಗೆ ಕರೆಯುವುದು ಅಲ್ಲಿಂದ ಶುರುವಾಯಿತು. ತಾಲ್ಲೂಕು ಸಾಹಿತ್ಯ ಸಮ್ಮೇಳನದ ಕವಿಗೋಷ್ಠಿ ಅಂದರೆ ಮಧ್ಯಾಹ್ನದ ಊಟ ಆದ ಮೇಲೆ. 25 ಜನ ಕವಿಗಳು, ಒಬ್ಬೊಬ್ಬರಿಗೆ ಮೂರು ನಿಮಿಷ. ಮೊದಲ ಸಲ ನಾನು ಪದ್ಯ ಹೇಗೆ ಹುಟ್ಟಿತು ಅಂತ ವಿವರಿಸೋಕೆ ಹೋಗಿ ಎರಡೂವರೆ ನಿಮಿಷ ಕಳೆದುಬಿಟ್ಟೆ. ಬೆಲ್ ಹೊಡೆದರು. ಪದ್ಯ ಅರ್ಧಕ್ಕೇ ನಿಂತಿತು. ಆವತ್ತು ರಾತ್ರಿ ಅತ್ತುಬಿಟ್ಟೆ. ಆಮೇಲೆ ನಿಯಮ ಮಾಡಿಕೊಂಡೆ. ಪೀಠಿಕೆ ಬೇಡ. 20 ಸಾಲು ದಾಟದ ಒಂದೇ ಪದ್ಯ, ಬಾಯಿಪಾಠ ಆಗಿರಬೇಕು. ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತವರನ್ನು ನೋಡಿಕೊಂಡು ನಿಧಾನವಾಗಿ ಹೇಳಬೇಕು. ಮುಗಿದ ಮೇಲೆ ಎದ್ದು ಹೋಗದೆ ಉಳಿದ 24 ಜನರದ್ದೂ ಕೇಳಬೇಕು. ಈ ಕೊನೆಯದು ನನಗೆ ಮುಖ್ಯ. ಕೇಳುವ ಕಿವಿ ನಮಗೆ ಬೇಕು ಅಂದರೆ ನಾವೂ ಕಿವಿ ಕೊಡಬೇಕಲ್ಲ.

ಪುಸ್ತಕದ ಮಾತಿಗೆ ಬರುತ್ತೇನೆ. 64 ಪದ್ಯ ಇದ್ದವು, ಮೇಷ್ಟ್ರು ಮತ್ತು ನಾನು ಕೂತು 42 ಉಳಿಸಿಕೊಂಡೆವು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ನನಗೆ ವಯಸ್ಸು ಮೀರಿತ್ತು. ವಯಸ್ಸಿರುವ ಹುಡುಗಿಯರು ದಯವಿಟ್ಟು ಅರ್ಜಿ ಹಾಕಿ, ಬಿಡಬೇಡಿ. ನಾನು ಒಂದು ಬೆಳೆಯ ದುಡ್ಡು ಎತ್ತಿಟ್ಟು ಸ್ವಂತಕ್ಕೆ ಮಾಡಿಸಿದೆ. 80 ಪುಟ, ಅಂದರೆ 16 ಪುಟದ ಐದು ಫಾರಂ. 500 ಪ್ರತಿ. ನಾನು ಮೊದಲು ಹೋದ ಮುದ್ರಕರು ಐ.ಎಸ್.ಬಿ.ಎನ್. ನಂಬರಿಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ ಅಂತ ಬೇರೆ ದುಡ್ಡು ಕೇಳಿದರು, ಕೊಟ್ಟೆ. ನಮ್ಮ ದೇಶದಲ್ಲಿ ಆ ನಂಬರು ಸರ್ಕಾರದಿಂದ ಉಚಿತವಾಗಿ ಸಿಗುತ್ತದೆ, ಲೇಖಕರೇ ಅರ್ಜಿ ಹಾಕಬಹುದು ಅಂತ ಆಮೇಲೆ ಗೊತ್ತಾಯಿತು. ನಿಮಗೆ ಹಾಗಾಗದಿರಲಿ. ಇನ್ನೊಂದು, ಗ್ರಂಥಾಲಯ ಇಲಾಖೆ ಪುಸ್ತಕ ಕೊಳ್ಳಲು ಅರ್ಜಿ ಕರೆಯುತ್ತದೆ. ಅದಕ್ಕೆ ಪುಸ್ತಕ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ನೋಂದಣಿ ಆಗಿರಬೇಕು. ಪ್ರಿಂಟ್ ಆದ ತಕ್ಷಣ ಆ ಕೆಲಸ ಮುಗಿಸಿಕೊಳ್ಳಿ.

ಕರಡು ತಿದ್ದುವುದನ್ನು ಮಾತ್ರ ಯಾರಿಗೂ ಬಿಡಬೇಡಿ. 'ಚಂದ್ರಿಕೆ' ಅಂತ ನನ್ನದೊಂದು ಪದ್ಯ ಇದೆ. ಹಣ್ಣಾದ ಹುಳವನ್ನು ಗೂಡು ಕಟ್ಟೋಕೆ ಬಿಡುವ ಬಿದಿರಿನ ತಟ್ಟಿಗೆ ನಾವು ಚಂದ್ರಿಕೆ ಅನ್ನುತ್ತೇವೆ. ಕರಡು ನೋಡಿದವರಿಗೆ ಅದು ಬೆಳದಿಂಗಳು ಅನ್ನಿಸಿ, 'ಚಂದ್ರಿಕೆ ಕಟ್ಟುವ ಹಗ್ಗ' ಅಂತ ಇದ್ದದ್ದನ್ನು 'ಚಂದ್ರಿಕೆ ಮುಟ್ಟುವ ಹಗ್ಗ' ಮಾಡಿದ್ದರು. ಪುಸ್ತಕ ಕೈಗೆ ಬಂದಾಗ ನೋಡಿದೆ. 500 ಪ್ರತಿಯಲ್ಲೂ ಪೆನ್ನಿನಲ್ಲಿ ನಾನೇ ತಿದ್ದಿದೆ. ನಾಲ್ಕು ರಾತ್ರಿ ಹಿಡಿಯಿತು. ಮಗಳು ಪುಟ ತೆರೆದು ಕೊಡುತ್ತಿದ್ದಳು, ನಾನು ತಿದ್ದುತ್ತಿದ್ದೆ.

ಪುಸ್ತಕ ಬಂದ ಎರಡು ತಿಂಗಳಿಗೆ ಒಂದು ಪತ್ರ ಬಂತು. ನೀವು ರಾಜ್ಯಮಟ್ಟದ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ಶಾಲು, ಫಲಕ ಮತ್ತು ಊಟದ ಖರ್ಚಿಗೆ 3000 ರೂಪಾಯಿ ಕಳಿಸಿ. ನಿಜ ಹೇಳುತ್ತೇನೆ, ನನಗೆ ಆಸೆ ಆಯಿತು. ಕಳಿಸೋಣ ಅಂತ ಇವರನ್ನೂ ಒಪ್ಪಿಸಿದ್ದೆ. ಅತ್ತೆ ಒಂದೇ ಮಾತು ಕೇಳಿದರು: "ಅವರು ನಿನ್ನ ಪುಸ್ತಕ ಓದಿದ್ದಾರಾ?" ಪತ್ರ ತಿರುಗಿಸಿ ನೋಡಿದೆ. ಪುಸ್ತಕದ ಹೆಸರೇ ಇರಲಿಲ್ಲ. ಅಲ್ಲಿಗೆ ಬಿಟ್ಟೆ. ಇಂಥ ಪತ್ರ ನಿಮಗೂ ಬರುತ್ತದೆ. ಅತ್ತೆ ಕೇಳಿದ ಪ್ರಶ್ನೆಯನ್ನೇ ಕೇಳಿಕೊಳ್ಳಿ, ಸಾಕು.

ನಿಜವಾದ ಬಹುಮಾನ ಬಂದದ್ದು ಅದರ ಮುಂದಿನ ವರ್ಷ. ಜಿಲ್ಲೆಯ ಒಂದು ಸಣ್ಣ ಸಾಹಿತ್ಯ ಬಳಗದ್ದು. ಕೇಳಿದ್ದು ಮೂರು ಪ್ರತಿ ಪುಸ್ತಕ, ಒಂದು ಅರ್ಜಿ, ಅಷ್ಟೇ. 5000 ರೂಪಾಯಿ, ಒಂದು ಶಾಲು, ಒಂದು ಫಲಕ. ತೋಟದಲ್ಲಿ ಬಂದ ಫೋನು ಇದರದ್ದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಂತೋಷದ ಜೊತೆ ಒಂದು ಅಳುಕೂ ಇತ್ತು. ನಮ್ಮದು 2007ರವರೆಗೂ ಕೋಲಾರ ಜಿಲ್ಲೆ. ಅದೇ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಪದ್ಯ ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು. ಕಾಡಿನ ಹೂವಿನ ಹಾಗೆ ಸುಮ್ಮನೆ ಅರಳಬೇಕು, ಲೋಕದ ಹೊಗಳಿಕೆಗೆ ಬಾಯಿ ಬಿಡಬಾರದು ಅಂತ ಗುರುವನ್ನು ಬೇಡಿಕೊಳ್ಳುವ ಪದ್ಯ ಅದು. ನಾನು ಬಾಯಿ ಬಿಟ್ಟೆನಾ ಅನ್ನಿಸಿತು. ಬಹಳ ಹೊತ್ತು ಯೋಚನೆ ಮಾಡಿದೆ. ಹೊಗಳಿಕೆಗೆ ಕಾಯಬೇಡ ಅನ್ನುತ್ತದೆ ಆ ಪದ್ಯ. ಪ್ರೀತಿಯಿಂದ ಯಾರಾದರೂ ಬಂದು ಓದಿದೆ ಅಂದರೆ ಮುಖ ತಿರುಗಿಸು ಅನ್ನುವುದಿಲ್ಲ. ಇದೇ ಸೀಮೆಯ ಮಾಸ್ತಿಯವರನ್ನು ನೆನಪಿಸಿಕೊಂಡೆ. ಅವರಿಗೆ 1983ರ ಜ್ಞಾನಪೀಠ ಬಂದಾಗ ತೊಂಬತ್ತು ದಾಟಿತ್ತು. ಆ ಹೊತ್ತಿಗೆ ಜನ ಅವರನ್ನು ಕನ್ನಡದ ಆಸ್ತಿ ಅಂತ ಕರೆಯೋಕೆ ಶುರುಮಾಡಿ ಎಷ್ಟೋ ಕಾಲ ಆಗಿತ್ತು. ಮೊದಲು ಓದುಗರು, ಆಮೇಲೆ ಪ್ರಶಸ್ತಿ. ನನಗೂ ಮೊದಲು ಮೇಷ್ಟ್ರು ಸಿಕ್ಕರು, ಆಮೇಲೆ ಗೂಡಿನ ಮಾರ್ಕೆಟ್ಟಿನ ಸಾಹೇಬರು, ಆಮೇಲೆ ಈ ಶಾಲು. ಅಷ್ಟು ಅಂದುಕೊಂಡ ಮೇಲೆ ನಿದ್ದೆ ಬಂತು.

ಕಾರ್ಯಕ್ರಮ ಚಿಕ್ಕಬಳ್ಳಾಪುರದಲ್ಲಿ. ಹುಳ ಇರುವ ಮನೆಯವರಿಗೆ ಎಲ್ಲರೂ ಒಟ್ಟಿಗೆ ಮನೆ ಬಿಡುವುದು ಆಗದ ಮಾತು. ಆದರೆ ಆವತ್ತು ಬೆಳಗ್ಗೆ ಹುಳ ನಾಲ್ಕನೇ ಜ್ವರಕ್ಕೆ ಕೂತಿತ್ತು. ಸೊಪ್ಪು ಹಾಕುವ ಹಾಗಿಲ್ಲ. ಸುಣ್ಣ ಚೆಲ್ಲಿ, ಬಾಗಿಲು ಮುಂದೆ ಮಾಡಿ, ಅತ್ತೆ, ಇವರು, ಮಗಳು, ನಾನು, ನಾಲ್ಕೂ ಜನ ಬಸ್ಸು ಹತ್ತಿದೆವು. ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮಗ ಬಂದಿದ್ದರು. ಅಪ್ಪನ ಡೈರಿಯಲ್ಲಿ ಸಿಕ್ಕಿತು ಅಂತ ಒಂದು ಮಡಚಿದ ಹಾಳೆ ತಂದಿದ್ದರು. ನನ್ನ ಅಕ್ಷರ, ಅದೇ ಐದು ಸಾಲು. ಮಡಿಕೆ ಬಿದ್ದ ಕಡೆ ಹಾಳೆ ಸವೆದಿತ್ತು. ಎಷ್ಟು ಸಲ ಬಿಚ್ಚಿ ಓದಿದ್ದರೋ.

ಅತ್ತೆಗೆ ನಾನು ಆ ಪದ್ಯವನ್ನು ಯಾವತ್ತೂ ಓದಿ ಹೇಳಿರಲಿಲ್ಲ. ಅವರ ಮಾತನ್ನೇ ಎತ್ತಿ ಬರೆದಿದ್ದೆ, ಹೇಳೋಕೆ ಸಂಕೋಚ. ತೀರ್ಪುಗಾರರು ಮಾತಾಡುತ್ತಾ, ಪುಸ್ತಕದಿಂದ ಒಂದೇ ಒಂದು ಪದ್ಯ ಓದುತ್ತೇನೆ ಅಂತ ಅದನ್ನೇ ಓದಿದರು. ನಿಧಾನವಾಗಿ, ದನಿ ಏರಿಸದೆ. ಅತ್ತೆಗೆ ಕನ್ನಡ ಅರ್ಥವಾಗುತ್ತದೆ. ಎರಡನೇ ಸಾಲಿಗೇ ತಲೆ ಎತ್ತಿದರು. ಕೊನೆಯ ಸಾಲು ಮುಗಿದಾಗ ಪಕ್ಕದಲ್ಲಿದ್ದ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರಂತೆ: "ಅದಿ ನೇನೇ ಗದಾ?" ಅದು ನಾನೇ ಅಲ್ವಾ? ಮಗಳು ಹೌದಜ್ಜಿ ಅಂದಳಂತೆ. ವೇದಿಕೆ ಮೇಲಿಂದ ನನಗೆ ಮಾತು ಕೇಳಿಸಲಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡದ್ದು ಮಾತ್ರ ಕಂಡಿತು.

ಕೊಟ್ಟ ಶಾಲನ್ನು ಬಸ್ಸಿನಲ್ಲಿ ಅತ್ತೆಗೆ ಹೊದಿಸಿದೆ. ಬೇಡ ಅನ್ನಲಿಲ್ಲ. ಮನೆ ಸೇರುವಾಗ ಕತ್ತಲಾಗಿತ್ತು. ಶಾಲು ಮಡಚಿಟ್ಟು, ಕಾಲು ತೊಳೆದುಕೊಂಡು ಹುಳದ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಅಲ್ಲೊಂದು ಇಲ್ಲೊಂದು ಹುಳ ಏಳುತ್ತಿತ್ತು. "ಇನ್ನೂ ಎಲ್ಲಾ ಎದ್ದಿಲ್ಲ, ಬೆಳಗ್ಗೆ ಸೊಪ್ಪು ಹಾಕೋಣ" ಅಂದರು. ಹೊರಗೆ ಬಂದು ಬಾಗಿಲು ಮುಂದೆ ಮಾಡುವಾಗ ನನ್ನ ಕಡೆ ತಿರುಗಿ ನೋಡಿ ನಕ್ಕರು.